ನಿಲ್ಲಿಸಿದಾಗಲೆಲ್ಲ ಬಂದ್ ಬೀಳುವ ಎಂಜಿನ್: ದೋಷ ಎಲ್ಲಿ, ಪರಿಹಾರ ಏನು?

ಅಂಕೋಲಾ: ಕಾರವಾರದ ಕಡೆಯಿಂದ ಬಂದ ಕಾರು ಹಟ್ಟಿಕೇರಿ ಟೋಲ್ ನಾಕೆಯ ಸಾಲಿನಲ್ಲಿ ವೇಗ ತಗ್ಗಿಸುತ್ತದೆ. ಚಾಲಕ ಕ್ಲಚ್ ತುಳಿದು ಬ್ರೇಕ್ ಒತ್ತುತ್ತಾನೆ. ಗಾಡಿ ನಿಲ್ಲುತ್ತದೆ, ಅದರೊಡನೆ ಎಂಜಿನ್ನೂ ನಿಲ್ಲುತ್ತದೆ. ಹಿಂದಿನ ಲಾರಿಯ ಹಾರ್ನ್ ಮೊಳಗುತ್ತದೆ. ಗಾಬರಿಯಿಂದ ಕೀಲಿ ತಿರುಗಿಸಿದರೆ ಏನೂ ಆಗಿಯೇ ಇಲ್ಲವೆಂಬಂತೆ ಎಂಜಿನ್ ಮತ್ತೆ ಚಾಲೂ ಆಗುತ್ತದೆ. ಮುಂದೆ ಬಸ್ ನಿಲ್ದಾಣದ ಬಳಿ ಮತ್ತೊಮ್ಮೆ ಅದೇ ಕಥೆ. ಓಡುವಾಗ ಯಾವ ತಕರಾರೂ ಇಲ್ಲ, ಪಿಕಪ್ ಕಡಿಮೆಯಾಗಿಲ್ಲ, ಮೈಲೇಜ್ ಕೂಡ ಹೆಚ್ಚುಕಡಿಮೆ ಮೊದಲಿನಷ್ಟೇ. ನಿಲ್ಲಿಸಿದಾಗ ಮಾತ್ರ ಎಂಜಿನ್ ಆಫ್.

ಕಾರು ಇಟ್ಟುಕೊಂಡ ಬಹುತೇಕ ಎಲ್ಲರೂ ಒಂದಲ್ಲ ಒಂದು ದಿನ ಎದುರಿಸುವ ಸಮಸ್ಯೆ ಇದು. ಮತ್ತೆ ಸುಲಭವಾಗಿ ಸ್ಟಾರ್ಟ್ ಆಗುವುದರಿಂದ ಇದನ್ನು ಸಣ್ಣ ಕಿರಿಕಿರಿ ಎಂದು ಮುಂದೂಡುವವರೇ ಹೆಚ್ಚು. ಗ್ಯಾರೇಜಿಗೆ ಹೋದರೂ ಒಂದರ ಹಿಂದೊಂದು ಬಿಡಿಭಾಗ ಬದಲಿಸಿ ಸಾವಿರಾರು ರೂಪಾಯಿ ಕಳೆದುಕೊಂಡವರುಂಟು. ಈ ವರದಿಗಾರನೂ ಅವರಲ್ಲೊಬ್ಬ. ಹನ್ನೊಂದು ವರ್ಷ ಹಳೆಯದಾದ ಪೆಟ್ರೋಲ್ ಕಾರಿಗೆ ಮೊದಲ ಗ್ಯಾರೇಜಿನಲ್ಲಿ ಹೊಸ ಸ್ಪಾರ್ಕ್ ಪ್ಲಗ್ ಹಾಕಿದರು. ಎರಡು ದಿನ ಸರಿಯಿದ್ದು ಮತ್ತೆ ಮೊದಲಿನಂತೆಯೇ ಆಯಿತು. ಎರಡನೆಯ ಗ್ಯಾರೇಜಿನಲ್ಲಿ ಇಂಧನ ಪಂಪನ್ನೇ ಬದಲಿಸಬೇಕೆಂದು ಸೂಚಿಸಿದರು. ಖರ್ಚಿನ ಅಂದಾಜು ಕೇಳಿ, ಮುಂದಿನ ತಿಂಗಳು ನೋಡಿದರಾಯಿತು ಎಂದು ಕಾರನ್ನು ಹಾಗೆಯೇ ಓಡಿಸಿದ್ದಾಯಿತು.

ಆ ನಿರ್ಧಾರ ಎಷ್ಟು ತಪ್ಪಾಗಿತ್ತೆಂಬುದು ತಿಳಿದದ್ದು ಅರಬೈಲ್ ಘಟ್ಟದಲ್ಲಿ. ಹುಬ್ಬಳ್ಳಿಯಿಂದ ಮನೆಮಂದಿಯೊಡನೆ ಮರಳುವಾಗ, ಇಳಿಜಾರಿನ ತಿರುವೊಂದರಲ್ಲಿ ಮುಂದಿದ್ದ ಲಾರಿ ನಿಧಾನವಾಯಿತು. ಕ್ಲಚ್ ತುಳಿಯುತ್ತಿದ್ದಂತೆ ಎಂಜಿನ್ ಸದ್ದಡಗಿತು. ಬ್ರೇಕ್ ಒಂದು ಬಾರಿ ಹಿಡಿಯಿತು, ಎರಡನೆಯ ಬಾರಿಯೂ ಹಿಡಿಯಿತು. ಮೂರನೆಯ ಬಾರಿಗೆ ಪೆಡಲ್ ಕಲ್ಲಿನಂತಾಗಿತ್ತು. ಎರಡೂ ಕಾಲಿನ ಬಲ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು ಕಾರನ್ನು ನಿಲ್ಲಿಸಿದಾಗ ಲಾರಿಯ ಹಿಂಬದಿ ಕೈಯಳತೆಯಲ್ಲಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಎಂಜಿನ್ ನಿಲ್ಲುವುದೆಂದರೆ ಕೇವಲ ಎಂಜಿನ್ ನಿಲ್ಲುವುದಲ್ಲ ಎಂಬ ಪಾಠ ಅಂದು ಮನದಟ್ಟಾಯಿತು.

ಸುಮ್ಮನೆ ನಿಲ್ಲುವುದೇ ಎಂಜಿನ್‌ಗೆ ಕಷ್ಟ

ಕಾರು ನೂರು ಕಿಲೋಮೀಟರ್ ವೇಗದಲ್ಲಿ ಓಡುವಾಗ ಎಂಜಿನ್‌ಗೆ ಹೆಚ್ಚು ಶ್ರಮ, ನಿಂತಾಗ ವಿಶ್ರಾಂತಿ ಎಂಬುದು ಸಾಮಾನ್ಯ ತಿಳಿವಳಿಕೆ. ನಿಯಂತ್ರಣದ ದೃಷ್ಟಿಯಿಂದ ನೋಡಿದರೆ ಸಂಗತಿ ತಿರುವುಮುರುವು. ವೇಗವಾಗಿ ತಿರುಗುವ ಎಂಜಿನ್‌ಗೆ ತನ್ನದೇ ಆದ ಓಘವಿರುತ್ತದೆ. ಗಾಳಿಯಲ್ಲೋ ಇಂಧನದಲ್ಲೋ ಸ್ವಲ್ಪ ಏರುಪೇರಾದರೂ ಅದು ಗೊತ್ತಾಗುವುದಿಲ್ಲ. ಆದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದು ನಿಂತಾಗ, ಅಂದರೆ ಐಡ್ಲಿಂಗ್ ಸ್ಥಿತಿಯಲ್ಲಿ, ಸಾಮಾನ್ಯ ಪೆಟ್ರೋಲ್ ಕಾರಿನ ಎಂಜಿನ್ ನಿಮಿಷಕ್ಕೆ ಸುಮಾರು 700ರಿಂದ 900 ಸುತ್ತು ಮಾತ್ರ ತಿರುಗುತ್ತದೆ. ಅಷ್ಟರಲ್ಲಿಯೇ ಅದು ತನ್ನ ಭಾರವನ್ನು ತಾನೇ ತಿರುಗಿಸಿಕೊಳ್ಳಬೇಕು, ಬ್ಯಾಟರಿ ಚಾರ್ಜ್ ಮಾಡಬೇಕು, ಎ.ಸಿ. ಕಂಪ್ರೆಸರ್ ಎಳೆಯಬೇಕು.

ಎಂಜಿನ್‌ಗೆ ಗಾಳಿ ಹೋಗುವ ದಾರಿಯಲ್ಲಿ ಥ್ರಾಟಲ್ ಬಾಡಿ ಎಂಬ ಭಾಗವಿದೆ. ಅದರೊಳಗಿನ ತಟ್ಟೆಯಾಕಾರದ ಬಾಗಿಲು ಆಕ್ಸಿಲರೇಟರ್ ಒತ್ತಿದಷ್ಟೂ ತೆರೆದುಕೊಳ್ಳುತ್ತದೆ, ಕಾಲು ತೆಗೆದಾಗ ಬಹುತೇಕ ಮುಚ್ಚಿಕೊಳ್ಳುತ್ತದೆ. ಪೂರ್ತಿ ಮುಚ್ಚಿದರೆ ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಆದ್ದರಿಂದ ಸ್ವಲ್ಪ ಗಾಳಿ ಒಳಹೋಗಲು ಪ್ರತ್ಯೇಕ ವ್ಯವಸ್ಥೆ ಇರುತ್ತದೆ. ಹಳೆಯ ಕಾರುಗಳಲ್ಲಿ ಬಾಗಿಲನ್ನು ಬಳಸಿಕೊಂಡು ಹೋಗುವ ಒಂದು ಕಿರುದಾರಿ, ಅದನ್ನು ಬೇಕಾದಷ್ಟು ತೆರೆದು ಮುಚ್ಚುವ ಐಡಲ್ ವಾಲ್ವ್ ಇರುತ್ತದೆ. ಹೊಸ ಕಾರುಗಳಲ್ಲಿ ಪುಟ್ಟ ಮೋಟರೊಂದು ಆ ಬಾಗಿಲನ್ನೇ ಕೂದಲೆಳೆಯಷ್ಟು ತೆರೆದು ಹಿಡಿಯುತ್ತದೆ.

ಒಂದು ಪಾಲು ಪೆಟ್ರೋಲ್ ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಎಂಜಿನ್‌ನ ಗಣಕ, ಅಂದರೆ ಇಸಿಯು, ಸಂವೇದಕಗಳ ಮೂಲಕ ಗಾಳಿಯ ಪ್ರಮಾಣವನ್ನು ಅಳೆದು ಅದಕ್ಕೆ ತಕ್ಕಷ್ಟು ಇಂಧನ ಸಿಂಪಡಿಸುತ್ತದೆ. ಐಡ್ಲಿಂಗ್‌ನಲ್ಲಿ ಗಾಳಿಯ ಪ್ರಮಾಣವೇ ಅತ್ಯಲ್ಪ. ಹಾಗಾಗಿ ಅಲ್ಲಿ ಚೂರು ಕೊಳೆ, ಚೂರು ಸೋರಿಕೆ ಕೂಡ ದೊಡ್ಡ ವ್ಯತ್ಯಾಸ ಮಾಡುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟು ವೇಗ ತಗ್ಗಿಸುವಾಗ ಇಂಜೆಕ್ಷನ್ ಎಂಜಿನ್‌ಗಳು ಇಂಧನವನ್ನು ಪೂರ್ತಿ ನಿಲ್ಲಿಸಿಬಿಡುತ್ತವೆ. ಆಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ಚಾಲಕ ಕ್ಲಚ್ ತುಳಿದ ಕ್ಷಣದಲ್ಲಿ ಚಕ್ರಗಳ ಆಸರೆ ತಪ್ಪುತ್ತದೆ. ಎಂಜಿನ್ ವೇಗ ಸರ್ರನೆ ಇಳಿಯುತ್ತದೆ. ಅಷ್ಟರೊಳಗೆ ಗಣಕವು ಇಂಧನ ಮತ್ತು ಗಾಳಿಯನ್ನು ಮತ್ತೆ ಕೊಟ್ಟು ಎಂಜಿನ್ನನ್ನು 800ರ ಆಸುಪಾಸಿನಲ್ಲಿ ಹಿಡಿದು ನಿಲ್ಲಿಸಬೇಕು. ಗಾಳಿಯ ದಾರಿ ಕೊಳೆಯಿಂದ ಕಟ್ಟಿಕೊಂಡಿದ್ದರೆ ಆ ಹಿಡಿತ ತಪ್ಪುತ್ತದೆ. ಕಾರು ಓಡುವಾಗ ಚೆನ್ನಾಗಿದ್ದು ನಿಲ್ಲಿಸುವಾಗಲೇ ಕೈಕೊಡುವುದರ ಗುಟ್ಟು ಇಷ್ಟೇ.

ತಿರುಪಿನ ಕಾಲದಿಂದ ಗಣಕದ ಕಾಲಕ್ಕೆ

1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800ರ ಮೊದಲ ಮಾದರಿಗಳಲ್ಲಿ ಕಾರ್ಬ್ಯುರೇಟರ್ ಇತ್ತು. ಬೆಳಿಗ್ಗೆ ಚೋಕ್ ಎಳೆಯುವುದು, ಎಂಜಿನ್ ಬಿಸಿಯಾದ ಮೇಲೆ ಅದನ್ನು ಒಳತಳ್ಳುವುದು ಅಂದಿನ ಚಾಲಕರಿಗೆಲ್ಲ ರೂಢಿ. ಎಂಜಿನ್ ಬಂದ್ ಬೀಳುತ್ತದೆ ಎಂದರೆ ಮಿಸ್ತ್ರಿ ಸ್ಕ್ರೂಡ್ರೈವರ್ ಹಿಡಿದು, ಸದ್ದಿಗೆ ಕಿವಿಗೊಟ್ಟು ಕಾರ್ಬ್ಯುರೇಟರಿನ ತಿರುಪನ್ನು ಕಾಲು ಸುತ್ತು ತಿರುಗಿಸುತ್ತಿದ್ದ, ಕೆಲಸ ಮುಗಿಯುತ್ತಿತ್ತು. 2000ದ ಸುಮಾರಿಗೆ ಹೊಗೆಯ ಮಾನದಂಡಗಳು ಬಿಗಿಯಾದಂತೆ ಇಂಜೆಕ್ಷನ್ ವ್ಯವಸ್ಥೆ ಬಂತು. ಹಿಂಬದಿಯಲ್ಲಿ ‘ಎಂಪಿಎಫ್‌ಐ’ ಎಂಬ ಅಕ್ಷರಗಳನ್ನು ಹೆಮ್ಮೆಯಿಂದ ಹೊತ್ತ ಕಾರುಗಳು ಹಲವರ ನೆನಪಿನಲ್ಲಿರಬಹುದು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-6 ಮಾನದಂಡ ಜಾರಿಗೆ ಬಂದಿದೆ.

ಈ ಬದಲಾವಣೆಯಿಂದ ಹೊಗೆ ಕಡಿಮೆಯಾಯಿತು, ಮೈಲೇಜ್ ಹೆಚ್ಚಿತು. ಆದರೆ ತಿರುಪು ತಿರುಗಿಸಿ ಸರಿಪಡಿಸುವ ಕಾಲ ಹೋಯಿತು. ಈಗ ದೋಷ ಕಂಡುಹಿಡಿಯುವುದೇ ದೊಡ್ಡ ಕೆಲಸ. ಬಿಡಿಭಾಗ ಬದಲಿಸುತ್ತ ಹೋಗಿ ದೋಷ ಹುಡುಕುವ ಪದ್ಧತಿ ಮಾಲೀಕರ ಜೇಬಿಗೆ ಭಾರ.

‘ಯಾವಾಗ ಬಂದ್ ಬೀಳ್ತದೆ?’

ಘಟ್ಟದ ಘಟನೆಯ ಮರುದಿನ ಕಾರು ತಲುಪಿದ್ದು ಅಂಕೋಲೆಯ ಸಣ್ಣ ಗ್ಯಾರೇಜೊಂದಕ್ಕೆ. ಅಲ್ಲಿನ ಮೆಕ್ಯಾನಿಕ್ ಬಾನೆಟ್ ತೆರೆಯುವ ಮೊದಲು ಕೇಳಿದ ಪ್ರಶ್ನೆ ಒಂದೇ: ‘ಯಾವಾಗ ಬಂದ್ ಬೀಳ್ತದೆ, ಸರ್? ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಎ.ಸಿ. ಹಾಕಿದಾಗಲೋ? ಬ್ರೇಕ್ ತುಳಿದಾಗಲೋ, ಕ್ಲಚ್ ತುಳಿದಾಗಲೋ?’ ಹಿಂದಿನ ಎರಡು ಗ್ಯಾರೇಜುಗಳಲ್ಲಿ ಯಾರೂ ಇದನ್ನು ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ವೈದ್ಯರ ಬಳಿ ಹೋದ ರೋಗಿ ಬರೀ ನೋವು ಎಂದರೆ ಸಾಲದು, ಎಲ್ಲಿ, ಯಾವಾಗ ಎಂದು ಹೇಳಬೇಕು. ಇಲ್ಲಿಯೂ ಹಾಗೆಯೇ. ಎಂಜಿನ್ ನಿಲ್ಲುವ ಸಂದರ್ಭವೇ ದೋಷದ ವಿಳಾಸ ಹೇಳುತ್ತದೆ.

ಬೆಳಗಿನ ಹೊತ್ತು, ಎಂಜಿನ್ ತಣ್ಣಗಿದ್ದಾಗ ಮಾತ್ರ ನಿಂತರೆ: ತಣ್ಣನೆಯ ಎಂಜಿನ್‌ಗೆ ಹೆಚ್ಚು ಗಾಳಿ, ಹೆಚ್ಚು ಇಂಧನ ಬೇಕು. ಥ್ರಾಟಲ್ ಬಾಡಿಯ ಕೊಳೆ, ಐಡಲ್ ವಾಲ್ವಿನ ಜಡತೆ ಅಥವಾ ಎಂಜಿನ್ನಿನ ಬಿಸಿ ಅಳೆಯುವ ಸಂವೇದಕದ ದೋಷ ಇದಕ್ಕೆ ಕಾರಣವಾಗಿರಬಹುದು.

ದೂರ ಓಡಿ ಬಿಸಿಯಾದ ಮೇಲೆ ನಿಂತು, ಆರಿದ ನಂತರವೇ ಸ್ಟಾರ್ಟ್ ಆದರೆ: ಕ್ರ್ಯಾಂಕ್ ಸಂವೇದಕ, ಇಗ್ನಿಷನ್ ಕಾಯಿಲ್ ಅಥವಾ ಇಂಧನ ಪಂಪಿನ ಮೇಲೆ ಸಂಶಯ ಪಡಬೇಕು. ಇವು ಬಿಸಿಯಾದಾಗ ಕೆಲಸ ನಿಲ್ಲಿಸಿ, ತಣ್ಣಗಾದಾಗ ಮತ್ತೆ ಸರಿಯಾದಂತೆ ನಟಿಸುವುದುಂಟು.

ಎ.ಸಿ. ಹಾಕಿದಾಗ ಮಾತ್ರ ನಿಂತರೆ: ಕಂಪ್ರೆಸರ್ ಹೊರೆ ಬಿದ್ದಾಗ ಗಣಕ ಎಂಜಿನ್ ವೇಗವನ್ನು ಸ್ವಲ್ಪ ಏರಿಸಬೇಕು. ಗಾಳಿಯ ದಾರಿ ಕಟ್ಟಿಕೊಂಡಿದ್ದರೆ ಅದು ಸಾಧ್ಯವಾಗದು. ರಾತ್ರಿ ಹೆಡ್‌ಲೈಟ್ ಉರಿಯುವಾಗ ತೊಂದರೆ ಹೆಚ್ಚಾದರೆ ಬ್ಯಾಟರಿ ಮತ್ತು ಆಲ್ಟರ್ನೇಟರನ್ನೂ ಪರೀಕ್ಷಿಸಬೇಕು.

ಬ್ರೇಕ್ ತುಳಿದ ಕ್ಷಣದಲ್ಲೇ ಎಂಜಿನ್ ತಡವರಿಸಿದರೆ: ಇದನ್ನು ಎಲ್ಲಕ್ಕಿಂತ ಮೊದಲು ನೋಡಿಸಬೇಕು. ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಎಂಜಿನ್‌ನ ನಿರ್ವಾತದಿಂದ ಕೆಲಸ ಮಾಡುತ್ತದೆ. ಅದರೊಳಗಿನ ರಬ್ಬರ್ ಪೊರೆ ಹರಿದಿದ್ದರೆ ಅಥವಾ ಅದರ ಪೈಪ್ ಸೀಳಿದ್ದರೆ, ಬ್ರೇಕ್ ಒತ್ತಿದಾಗಲೆಲ್ಲ ಲೆಕ್ಕಕ್ಕೆ ಸಿಗದ ಗಾಳಿ ಎಂಜಿನ್ನಿನೊಳಗೆ ನುಗ್ಗುತ್ತದೆ. ಪೆಡಲ್ ಬಳಿ ‘ಸುಯ್’ ಎಂಬ ಸದ್ದು ಇದರ ಲಕ್ಷಣ.

ಪೆಟ್ರೋಲ್ ತುಂಬಿಸಿದ ಕೂಡಲೇ ಬಂದ್ ಬೀಳುತ್ತಿದ್ದರೆ: ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಹಿಡಿದಿಟ್ಟು ಎಂಜಿನ್‌ಗೆ ಬಿಡುವ ಪರ್ಜ್ ವಾಲ್ವ್ ತೆರೆದೇ ಸಿಕ್ಕಿಕೊಂಡಿರಬಹುದು. ಕಲಬೆರಕೆ ಪೆಟ್ರೋಲ್ ಎಂದು ಬಂಕಿನವರೊಡನೆ ಜಗಳಕ್ಕಿಳಿಯುವ ಮೊದಲು ಇದನ್ನು ನೋಡಿಸುವುದು ಒಳಿತು.

ಮಳೆಯಲ್ಲಿ ಅಥವಾ ಕಾರು ತೊಳೆದ ಮೇಲೆ ಕಾಣಿಸಿಕೊಂಡರೆ: ಕಾಯಿಲ್, ಪ್ಲಗ್ ವೈರ್, ಕನೆಕ್ಟರ್‌ಗಳಲ್ಲಿ ತೇವ ಸೇರಿದೆ ಎಂದರ್ಥ. ಏರ್ ಫಿಲ್ಟರ್ ಒದ್ದೆಯಾಗಿದ್ದರೂ ಹೀಗಾಗುತ್ತದೆ.

ಬ್ಯಾಟರಿ ಬದಲಿಸಿದ ನಂತರ ಶುರುವಾದರೆ: ಐಡ್ಲಿಂಗ್‌ಗೆ ಎಷ್ಟು ಗಾಳಿ ಬೇಕೆಂದು ಗಣಕ ಕಲಿತಿಟ್ಟುಕೊಂಡ ಲೆಕ್ಕ ಅಳಿಸಿಹೋಗಿರುತ್ತದೆ. ಕೆಲವು ಕಾರುಗಳಲ್ಲಿ ಸ್ವಲ್ಪ ದೂರ ಓಡಿಸಿದರೆ ಅದು ತಾನೇ ಕಲಿಯುತ್ತದೆ. ಕೆಲವಕ್ಕೆ ಸ್ಕ್ಯಾನರ್ ಹಚ್ಚಿ ಕಲಿಸಬೇಕಾಗುತ್ತದೆ.

ಗ್ಯಾಸಿನಲ್ಲಿ ಮಾತ್ರ ನಿಂತು ಪೆಟ್ರೋಲಿನಲ್ಲಿ ಸರಿಯಿದ್ದರೆ: ದೋಷವನ್ನು ಗ್ಯಾಸ್ ಕಿಟ್‌ನ ರೆಡ್ಯೂಸರ್, ಫಿಲ್ಟರ್ ಅಥವಾ ಹೊಂದಾಣಿಕೆಯಲ್ಲಿ ಹುಡುಕಬೇಕು. ಸಿಎನ್‌ಜಿ ಉರಿಸಲು ಪೆಟ್ರೋಲಿಗಿಂತ ಬಲವಾದ ಕಿಡಿ ಬೇಕಾಗುವುದರಿಂದ ಸವೆದ ಪ್ಲಗ್‌ಗಳ ದೋಷ ಮೊದಲು ಗ್ಯಾಸಿನಲ್ಲೇ ಬಯಲಾಗುತ್ತದೆ.

ಆಟೊಮ್ಯಾಟಿಕ್ ಕಾರು ನಿಲ್ಲುವ ಮುನ್ನ ಜಗ್ಗಿ ಬಂದ್ ಬಿದ್ದರೆ: ಟಾರ್ಕ್ ಕನ್ವರ್ಟರಿನ ಲಾಕಪ್ ಕ್ಲಚ್ ಬಿಡದೆ ಹಿಡಿದುಕೊಂಡಿರಬಹುದು. ಕ್ಲಚ್ ತುಳಿಯದೆ ಮ್ಯಾನ್ಯುವಲ್ ಕಾರನ್ನು ನಿಲ್ಲಿಸಿದಂತಾಗುತ್ತದೆ ಅದು.

ಡೀಸೆಲ್ ಕಾರಾದರೆ: ಹೊಗೆಯ ಒಂದು ಭಾಗವನ್ನು ಎಂಜಿನ್‌ಗೆ ಮರಳಿಸುವ ಇಜಿಆರ್ ವಾಲ್ವ್ ಮಸಿಗಟ್ಟಿ ತೆರೆದೇ ಉಳಿಯುವುದು, ಇಂಧನ ಕೊಳವೆಯಲ್ಲಿ ಗಾಳಿ ಸೇರುವುದು, ಡೀಸೆಲ್ ಫಿಲ್ಟರಿನಲ್ಲಿ ನೀರು ನಿಲ್ಲುವುದು ಮುಖ್ಯ ಕಾರಣಗಳು.

ಇವೆಲ್ಲಕ್ಕೂ ಮುನ್ನ ಒಂದು ಸಂಗತಿ ಖಚಿತಪಡಿಸಿಕೊಳ್ಳಬೇಕು. ಇತ್ತೀಚಿನ ಹಲವು ಕಾರುಗಳಲ್ಲಿ, ನಿಂತಾಗ ಇಂಧನ ಉಳಿಸಲು ಎಂಜಿನ್ನನ್ನು ತಾನಾಗಿ ನಿಲ್ಲಿಸುವ ವ್ಯವಸ್ಥೆ ಇದೆ. ಕ್ಲಚ್ ತುಳಿದೊಡನೆ ಅಥವಾ ಬ್ರೇಕ್ ಬಿಟ್ಟೊಡನೆ ಎಂಜಿನ್ ತಾನೇ ಚಾಲೂ ಆದರೆ ಅದು ದೋಷವಲ್ಲ. ಡ್ಯಾಶ್‌ಬೋರ್ಡಿನಲ್ಲಿ ಬಾಣದ ವೃತ್ತದೊಳಗೆ ‘ಎ’ ಅಕ್ಷರದ ಗುರುತು ಕಂಡರೆ ಆ ವ್ಯವಸ್ಥೆಯೇ ಕೆಲಸ ಮಾಡುತ್ತಿದೆ ಎಂದು ತಿಳಿಯಬಹುದು. ಹೊಸ ಕಾರು ಕೊಂಡವರು ಇದನ್ನೇ ದೋಷವೆಂದು ಭಾವಿಸಿ ಗಾಬರಿಯಾಗುವುದುಂಟು.

ಅಗ್ಗದ್ದರಿಂದ ಆರಂಭಿಸಿ

ನಮ್ಮ ಉತ್ತರ ಸ್ಪಷ್ಟವಾಗಿತ್ತು: ಬಿಸಿ ಎಂಜಿನ್, ಕ್ಲಚ್ ತುಳಿದ ಕ್ಷಣ, ಎ.ಸಿ. ಇದ್ದಾಗ ಹೆಚ್ಚು. ಮೆಕ್ಯಾನಿಕ್ ಏರ್ ಫಿಲ್ಟರ್‌ನ ಪೈಪ್ ಕಳಚಿ ಥ್ರಾಟಲ್ ಬಾಡಿಯ ಮೇಲೆ ಟಾರ್ಚ್ ಬಿಟ್ಟ. ಬಾಗಿಲ ಅಂಚಿನ ಸುತ್ತ ಕಾಡಿಗೆಯಂತಹ ಕಪ್ಪು ಪದರ. ಎಂಜಿನ್ ಒಳಗಿನ ಆಯಿಲ್ ಹಬೆ ಗಾಳಿಯ ದಾರಿಗೆ ಮರಳುವಾಗ ವರ್ಷಗಟ್ಟಲೆ ಕೂತು ಗಟ್ಟಿಯಾದ ಮಸಿ ಅದು. ಕ್ಲೀನರ್ ಸ್ಪ್ರೇ ಮತ್ತು ಮೆತ್ತನೆಯ ಬಟ್ಟೆಯಿಂದ ಅದನ್ನು ತೆಗೆದದ್ದಾಯಿತು. ಎಂಜಿನ್ ಚಾಲೂ ಇಟ್ಟು ಕಿವಿಗೊಟ್ಟಾಗ ನಿರ್ವಾತ ಪೈಪೊಂದರ ತುದಿಯಲ್ಲಿ ಸಣ್ಣ ಸೀಳೂ ಸಿಕ್ಕಿತು. ಬೆರಳಿನಿಂದ ಅದನ್ನು ಮುಚ್ಚಿದೊಡನೆ ಎಂಜಿನ್ ಸದ್ದು ಹದಕ್ಕೆ ಬಂತು. ಪೈಪ್ ಬದಲಿಸಿದ ಬಿಲ್ಲು ಕೆಲವು ನೂರು ರೂಪಾಯಿ. ಇಂಧನ ಪಂಪಿಗೆ ಏನೂ ಆಗಿರಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಮೊದಲ ಗ್ಯಾರೇಜಿನವರು ಹಾಕಿದ ಪ್ಲಗ್‌ಗಳೂ ವ್ಯರ್ಥವಲ್ಲ. ಹಳೆಯವು ಸವೆದೇ ಇದ್ದವು. ಆದರೆ ರೋಗ ಅಲ್ಲಿರಲಿಲ್ಲ.

ಎಲ್ಲ ಕಾರಿಗೂ ಇದೇ ಮದ್ದು ಎಂದಲ್ಲ. ಆದರೆ ಪರೀಕ್ಷೆಯ ಕ್ರಮ ಎಲ್ಲಕ್ಕೂ ಒಂದೇ: ಮೊದಲು ಗಾಳಿ, ಆಮೇಲೆ ಕಿಡಿ, ಕೊನೆಗೆ ಇಂಧನ. ಏರ್ ಫಿಲ್ಟರ್, ಥ್ರಾಟಲ್ ಬಾಡಿ, ನಿರ್ವಾತ ಪೈಪುಗಳನ್ನು ನೋಡಲು ಬಿಡಿಭಾಗ ಕೊಳ್ಳಬೇಕಿಲ್ಲ. ಸ್ಕ್ಯಾನರ್ ಹಚ್ಚಿ ಗಣಕದಲ್ಲಿ ದಾಖಲಾದ ದೋಷ ಸಂಕೇತಗಳನ್ನು ಓದಲೂ ಹೆಚ್ಚು ಖರ್ಚಿಲ್ಲ. ‘ಚೆಕ್ ಎಂಜಿನ್’ ದೀಪ ಉರಿಯದಿದ್ದರೂ ಸಂಕೇತ ಉಳಿದಿರಬಹುದು. ಆದರೆ ಸಂಕೇತವೇ ಅಂತಿಮ ತೀರ್ಪಲ್ಲ. ‘ಗಾಳಿ ಹೆಚ್ಚು, ಇಂಧನ ಕಡಿಮೆ’ ಎಂದು ಗಣಕ ಹೇಳಿದರೆ ಪಂಪ್ ಸೋತಿರಬಹುದು, ಇಲ್ಲವೇ ಪೈಪ್ ಸೀಳಿ ಗಾಳಿ ನುಗ್ಗುತ್ತಿರಬಹುದು. ಪಂಪ್ ಬದಲಿಸಲೇಬೇಕೆಂದರೆ ಮೊದಲು ಗೇಜ್ ಹಚ್ಚಿ ಇಂಧನದ ಒತ್ತಡ ಅಳೆದು ತೋರಿಸುವಂತೆ ಕೇಳುವ ಹಕ್ಕು ಮಾಲೀಕರಿಗಿದೆ.

ಮನೆಯಲ್ಲೇ ಥ್ರಾಟಲ್ ಬಾಡಿ ಸ್ವಚ್ಛಗೊಳಿಸಲು ಹೊರಡುವವರಿಗೆ ಒಂದು ಎಚ್ಚರಿಕೆ. ಮೋಟರ್ ಚಾಲಿತ ಥ್ರಾಟಲ್ ಇರುವ ಕಾರುಗಳಲ್ಲಿ ಇಗ್ನಿಷನ್ ಆನ್ ಇದ್ದಾಗ ಆ ಬಾಗಿಲಿಗೆ ಬೆರಳು ಹಾಕಬಾರದು. ಬಾಗಿಲನ್ನು ಬಲವಂತವಾಗಿ ತಿರುಗಿಸಿದರೆ ಅದರ ಗೇರುಗಳು ಹಾಳಾಗಬಹುದು. ಸ್ವಚ್ಛಗೊಳಿಸಿದ ಬಳಿಕ ಕೆಲವು ಕಾರುಗಳಿಗೆ ಸ್ಕ್ಯಾನರಿನಿಂದ ಮರುಹೊಂದಾಣಿಕೆ ಬೇಕು. ಇಲ್ಲವಾದರೆ ಐಡ್ಲಿಂಗ್ ಏರಿಳಿಯುತ್ತಲೇ ಇರುತ್ತದೆ.

ಬ್ರೇಕ್ ಬೂಸ್ಟರಿನ ಪರೀಕ್ಷೆಯನ್ನು ಮಾತ್ರ ಯಾರಾದರೂ ಮಾಡಬಹುದು. ಸಮತಟ್ಟಾದ ಜಾಗದಲ್ಲಿ, ಎಂಜಿನ್ ಆಫ್ ಇರುವಾಗ ಬ್ರೇಕನ್ನು ನಾಲ್ಕೈದು ಬಾರಿ ತುಳಿಯಿರಿ, ಪೆಡಲ್ ಗಟ್ಟಿಯಾಗುತ್ತದೆ. ಹಾಗೆಯೇ ಒತ್ತಿ ಹಿಡಿದು ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಇಳಿಯದಿದ್ದರೆ, ಅಥವಾ ಒತ್ತಿ ಹಿಡಿದಾಗ ಎಂಜಿನ್ ತಡವರಿಸಿದರೆ ಕಾರನ್ನು ನೇರವಾಗಿ ಗ್ಯಾರೇಜಿಗೆ ಒಯ್ಯಬೇಕು.

ಕರಾವಳಿಯ ಗಾಳಿ, ಟ್ಯಾಂಕಿನ ನೀರು

1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆಸಿದ ಅಂಕೋಲೆಗೆ ಉಪ್ಪು ಹೊಸದಲ್ಲ. ಆದರೆ ಕಾರಿಗೆ ಅದು ಆಗಿಬರುವುದಿಲ್ಲ. ಕಡಲಿನಿಂದ ಬೀಸುವ ಉಪ್ಪು ಬೆರೆತ ತೇವದ ಗಾಳಿ ವಿದ್ಯುತ್ ಕನೆಕ್ಟರ್‌ಗಳಲ್ಲಿ ಹಸಿರುಗಟ್ಟಿದ ಕಿಲುಬನ್ನು ಬೆಳೆಸುತ್ತದೆ. ಎಂಜಿನ್‌ನಿಂದ ಬಾಡಿಗೆ ಬಿಗಿದ ಅರ್ಥಿಂಗ್ ತಂತಿಯ ತುದಿ ತುಕ್ಕು ಹಿಡಿದರೆ ಸಂವೇದಕಗಳ ಲೆಕ್ಕ ತಪ್ಪುತ್ತದೆ. ಬೆಂಗಳೂರಿನ ಕಾರಿಗೆ ಇಲ್ಲದ ಕಾಯಿಲೆ ಕಾರವಾರದ ಕಾರಿಗೆ ಬರುವುದು ಹೀಗೆ. ಮಳೆಗಾಲಕ್ಕೆ ಮುನ್ನ ಒಮ್ಮೆ, ಮುಗಿದ ಮೇಲೆ ಒಮ್ಮೆ ಕನೆಕ್ಟರ್, ಅರ್ಥಿಂಗ್, ಬ್ಯಾಟರಿ ಟರ್ಮಿನಲ್‌ಗಳನ್ನು ಸ್ವಚ್ಛಗೊಳಿಸಿದರೆ ಅರ್ಧ ತೊಂದರೆ ತಪ್ಪುತ್ತದೆ.

ಪೆಟ್ರೋಲಿಗೆ ಎಥೆನಾಲ್ ಬೆರೆಸುವುದೂ ಇಲ್ಲಿ ಗಮನಿಸಬೇಕಾದ ಅಂಶ. ಶೇ 20ರಷ್ಟು ಎಥೆನಾಲ್ ಬೆರೆತ ಇ20 ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. 2025ರಲ್ಲಿ ದೇಶ ಶೇ 20ರ ಮಿಶ್ರಣದ ಗುರಿ ತಲುಪಿತು. ಎಥೆನಾಲ್ ನೀರನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಟ್ಯಾಂಕಿನಲ್ಲಿ ನೀರಿನಂಶ ಮಿತಿ ಮೀರಿದರೆ ಎಥೆನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳದಲ್ಲಿ ನಿಲ್ಲುತ್ತವೆ. ಪಂಪ್ ಇಂಧನ ಎಳೆಯುವುದು ತಳದಿಂದಲೇ. ತಿಂಗಳುಗಟ್ಟಲೆ ನಿಂತ ಕಾರು, ಸದಾ ರಿಸರ್ವಿನಲ್ಲಿ ಓಡುವ ಕಾರು, ಸರಿಯಾಗಿ ಕೂರದ ಟ್ಯಾಂಕ್ ಮುಚ್ಚಳ: ಇವೆಲ್ಲ ಕರಾವಳಿಯ ಮಳೆಗಾಲದಲ್ಲಿ ಅಪಾಯಕ್ಕೆ ಆಹ್ವಾನ. ಹಳೆಯ ಕಾರುಗಳಲ್ಲಿ ಟ್ಯಾಂಕಿನ ಗಸಿಯನ್ನು ಎಥೆನಾಲ್ ಕರಗಿಸಿ ಫಿಲ್ಟರಿಗೆ ತಳ್ಳುವುದೂ ಉಂಟು. ತಮ್ಮ ಕಾರು ಎಷ್ಟು ಎಥೆನಾಲಿಗೆ ಹೊಂದುತ್ತದೆ ಎಂಬುದನ್ನು ಮಾಲೀಕರ ಕೈಪಿಡಿಯಲ್ಲಿ ನೋಡಿಕೊಳ್ಳುವುದು ಕ್ಷೇಮ.

ದೋಷ ಕಾರ್ಖಾನೆಯದೇ ಆಗಿದ್ದರೆ?

ಕೆಲವೊಮ್ಮೆ ತಪ್ಪು ನಿರ್ವಹಣೆಯದಲ್ಲ, ತಯಾರಿಕೆಯದು. 2020ರ ಜುಲೈನಲ್ಲಿ ಮಾರುತಿ ಸುಜುಕಿ ಕಂಪನಿ ಇಂಧನ ಪಂಪಿನ ಸಂಭವನೀಯ ದೋಷಕ್ಕಾಗಿ 1,34,885 ವ್ಯಾಗನ್ಆರ್ ಮತ್ತು ಬಲೆನೊ ಕಾರುಗಳನ್ನು ಹಿಂದಕ್ಕೆ ಕರೆಯಿತು. 2024ರ ಮಾರ್ಚ್‌ನಲ್ಲಿ, 2019ರ ಜುಲೈ ಅಂತ್ಯದಿಂದ ನವೆಂಬರ್ ಆರಂಭದವರೆಗೆ ತಯಾರಾದ ಇದೇ ಎರಡು ಮಾದರಿಯ 16,041 ಕಾರುಗಳನ್ನು ಮತ್ತೆ ಕರೆಯಲಾಯಿತು. ಪಂಪಿನ ಮೋಟರಿನ ಭಾಗವೊಂದರ ದೋಷದಿಂದ ಅಪರೂಪಕ್ಕೆ ಎಂಜಿನ್ ನಿಲ್ಲಬಹುದು ಎಂಬುದೇ ಕಾರಣವಾಗಿತ್ತು. 2024ರ ಅಕ್ಟೋಬರ್‌ನಲ್ಲಿ ಹೋಂಡಾ ಕಂಪನಿಯೂ ಇಂಧನ ಪಂಪಿಗಾಗಿ 90 ಸಾವಿರಕ್ಕೂ ಹೆಚ್ಚು ಕಾರುಗಳನ್ನು ಕರೆಯಿತು.

ಇಂಥ ರಿಪೇರಿ ಉಚಿತ. ಆದ್ದರಿಂದ ಹೊಸ ಪಂಪಿಗೆ ಹಣ ಕೊಡುವ ಮೊದಲು, ಕಂಪನಿಯ ಅಧಿಕೃತ ಜಾಲತಾಣದಲ್ಲಿ ಅಥವಾ ಶೋರೂಮಿನಲ್ಲಿ ಚಾಸಿ ಸಂಖ್ಯೆ ಕೊಟ್ಟು ತಮ್ಮ ಕಾರು ಪಟ್ಟಿಯಲ್ಲಿದೆಯೇ ಎಂದು ನೋಡಬೇಕು. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಕಂಪನಿಯ ಪತ್ರ ಹಳೆಯ ಮಾಲೀಕರ ವಿಳಾಸಕ್ಕೆ ಹೋಗಿರಬಹುದು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯು ದೋಷವುಳ್ಳ ವಾಹನಗಳನ್ನು ಹಿಂದಕ್ಕೆ ಕರೆಯುವಂತೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡಿದೆ.

ಎಂಜಿನ್ ನಿಲ್ಲುವುದನ್ನು ಹಗುರವಾಗಿ ಕಂಡರೆ ಏನಾಗಬಹುದು ಎಂಬುದಕ್ಕೆ ಅಮೆರಿಕದ ಪ್ರಕರಣವೊಂದು ಸಾಕ್ಷಿ. ಜನರಲ್ ಮೋಟಾರ್ಸ್ ಕಂಪನಿಯ ಕೆಲವು ಕಾರುಗಳಲ್ಲಿ ಕೀಲಿಯ ಸ್ವಿಚ್ ಸಡಿಲವಾಗಿದ್ದು, ಓಡುತ್ತಿರುವಾಗಲೇ ಅದು ಜಾರಿ ಎಂಜಿನ್ ಆಫ್ ಆಗುತ್ತಿತ್ತು. ಅದರೊಡನೆ ಏರ್‌ಬ್ಯಾಗುಗಳೂ ನಿಷ್ಕ್ರಿಯವಾಗುತ್ತಿದ್ದವು. ಆರಂಭದಲ್ಲಿ ಇದನ್ನು ಗ್ರಾಹಕರ ಅನನುಕೂಲವೆಂದಷ್ಟೇ ಪರಿಗಣಿಸಲಾಗಿತ್ತು. 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಯುವ ಹೊತ್ತಿಗೆ ಕಾಲ ಮಿಂಚಿತ್ತು. ಈ ದೋಷಕ್ಕೆ ಸಂಬಂಧಿಸಿದ 124 ಸಾವುಗಳಿಗೆ ಪರಿಹಾರ ನೀಡಲು ಕಂಪನಿಯ ಪರಿಹಾರ ನಿಧಿ ಒಪ್ಪಿಕೊಂಡಿತು.

ಓಡುತ್ತಿರುವಾಗ ಎಂಜಿನ್ ನಿಂತರೆ

ಎಂಜಿನ್ ನಿಂತರೂ ಬ್ರೇಕ್ ಒಮ್ಮೆಲೇ ಇಲ್ಲವಾಗುವುದಿಲ್ಲ. ಬೂಸ್ಟರಿನಲ್ಲಿ ಉಳಿದ ನಿರ್ವಾತ ಎರಡು ಮೂರು ಬಾರಿಗೆ ಸಾಕಾಗುತ್ತದೆ. ಅಷ್ಟರಲ್ಲಿ ಕಾರನ್ನು ನಿಲ್ಲಿಸಬೇಕು. ಗಾಬರಿಯಿಂದ ಬ್ರೇಕನ್ನು ಪದೇ ಪದೇ ತುಳಿದು ಬಿಟ್ಟರೆ ಇರುವ ಬಲವೂ ಮುಗಿಯುತ್ತದೆ. ಅರಬೈಲಿನಲ್ಲಿ ಈ ವರದಿಗಾರ ಮಾಡಿದ ತಪ್ಪು ಇದೇ. ಒಮ್ಮೆ ಒತ್ತಿ, ಬಿಡದೆ ಹಿಡಿಯುವುದು ಸರಿಯಾದ ಕ್ರಮ. ಪೆಡಲ್ ಗಟ್ಟಿಯಾದರೂ ಬ್ರೇಕ್ ಸತ್ತಿಲ್ಲ. ಹೆಚ್ಚು ಬಲ ಹಾಕಿದರೆ ಹಿಡಿದೇ ಹಿಡಿಯುತ್ತದೆ. ಸ್ಟೇರಿಂಗ್ ಭಾರವಾಗಬಹುದು, ಎರಡೂ ಕೈಗಳಿಂದ ತಿರುಗಿಸಬೇಕು. ಕೀಲಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ಹೊರತೆಗೆಯಲೇಬಾರದು. ಸ್ಟೇರಿಂಗ್ ಲಾಕ್ ಆಗಬಹುದು.

ಮ್ಯಾನ್ಯುವಲ್ ಕಾರು ಇನ್ನೂ ಉರುಳುತ್ತಿದ್ದು ಮುಂದೆ ಜಾಗವಿದ್ದರೆ, ಎರಡನೆಯ ಅಥವಾ ಮೂರನೆಯ ಗೇರಿಗೆ ಹಾಕಿ ಕ್ಲಚ್ಚನ್ನು ಮೆಲ್ಲಗೆ ಬಿಟ್ಟರೆ ಚಕ್ರಗಳೇ ಎಂಜಿನ್ನನ್ನು ಮತ್ತೆ ತಿರುಗಿಸುತ್ತವೆ. ಪೆಟ್ರೋಲ್ ಉಳಿಸಲು ಘಟ್ಟದ ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕುವ ಅಭ್ಯಾಸ ಕೆಲವರಿಗಿದೆ. ಮೊದಲೇ ಹೇಳಿದಂತೆ ಇಂಜೆಕ್ಷನ್ ಕಾರು ಗೇರಿನಲ್ಲಿ ಇಳಿಯುವಾಗ ಇಂಧನವನ್ನೇ ಬಳಸುವುದಿಲ್ಲ. ಹಾಗಾಗಿ ನ್ಯೂಟ್ರಲ್‌ನಿಂದ ಉಳಿತಾಯವಿಲ್ಲ. ಐಡ್ಲಿಂಗ್ ದೋಷವಿದ್ದರೆ ಪ್ರಾಣಾಪಾಯ ಮಾತ್ರ ಇದೆ.

ನಿಂತ ಮೇಲೆ ನಾಲ್ಕೂ ಇಂಡಿಕೇಟರ್ ಹಾಕಿ, ಎಚ್ಚರಿಕೆಯ ತ್ರಿಕೋನವನ್ನು ಸಾಕಷ್ಟು ಹಿಂದೆ ಇಟ್ಟು, ಪ್ರಯಾಣಿಕರನ್ನು ರಸ್ತೆಯಿಂದ ದೂರ ಕಳುಹಿಸಬೇಕು. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದದ್ದನ್ನು ಕಂಡ ಈ ಭಾಗದ ಜನರಿಗೆ, ಮಳೆಗಾಲದಲ್ಲಿ ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂಬುದನ್ನು ಬೇರೆ ಹೇಳಬೇಕಿಲ್ಲ. ಕಡಿದ ಗುಡ್ಡದ ಬುಡದಲ್ಲಿ, ಸುರಂಗದೊಳಗೆ, ಸೇತುವೆಯ ಮೇಲೆ ಕಾರು ಕೈಕೊಟ್ಟರೆ ರಿಪೇರಿಗೆ ಕೂರುವ ಬದಲು ಆದಷ್ಟು ಬೇಗ ಸಹಾಯ ಕರೆಸಬೇಕು. ರಾಷ್ಟ್ರೀಯ ಹೆದ್ದಾರಿಗಳ ಸಹಾಯವಾಣಿ 1033, ತುರ್ತು ಸೇವೆ 112.

ಗ್ಯಾರೇಜಿಗೆ ಹೋಗುವ ಮುನ್ನ ಬರೆದಿಟ್ಟುಕೊಳ್ಳಿ

* ಎಂಜಿನ್ ತಣ್ಣಗಿತ್ತೇ, ಬಿಸಿಯಾಗಿತ್ತೇ? ಸ್ಟಾರ್ಟ್ ಮಾಡಿ ಎಷ್ಟು ಹೊತ್ತಾಗಿತ್ತು?
* ಕ್ಲಚ್ ತುಳಿದಾಗ ನಿಂತಿತೇ, ಬ್ರೇಕ್ ಒತ್ತಿದಾಗ ನಿಂತಿತೇ?
* ಎ.ಸಿ., ಹೆಡ್‌ಲೈಟ್ ಚಾಲೂ ಇದ್ದವೇ?
* ನಿಲ್ಲುವ ಮುನ್ನ ನಡುಗಿತೇ, ಸ್ವಿಚ್ ಆರಿಸಿದಂತೆ ಒಮ್ಮೆಲೇ ನಿಂತಿತೇ?
* ಮತ್ತೆ ಕೂಡಲೇ ಸ್ಟಾರ್ಟ್ ಆಯಿತೇ, ಕಾಯಬೇಕಾಯಿತೇ?
* ಇತ್ತೀಚೆಗೆ ಪೆಟ್ರೋಲ್ ತುಂಬಿಸಿದ್ದು, ಬ್ಯಾಟರಿ ಬದಲಿಸಿದ್ದು, ಕಾರು ತೊಳೆಸಿದ್ದು ಯಾವಾಗ?
* ‘ಚೆಕ್ ಎಂಜಿನ್’ ದೀಪ ಒಮ್ಮೆಯಾದರೂ ಉರಿದಿತ್ತೇ?

ಈ ಏಳು ಪ್ರಶ್ನೆಗಳ ಉತ್ತರವಿರುವ ಚೀಟಿಯೊಂದು ಜೇಬಿನಲ್ಲಿದ್ದರೆ ಮೆಕ್ಯಾನಿಕ್‌ನ ಅರ್ಧ ಕೆಲಸ ಮುಗಿದಂತೆ. ಹಟ್ಟಿಕೇರಿಯ ಟೋಲ್ ಸಾಲಿನಲ್ಲಿ ಎಂಜಿನ್ ನಿಂತರೆ ಹಾರ್ನ್ ಕೇಳಬೇಕಾಗುತ್ತದೆ, ಅಷ್ಟೇ. ಅದೇ ದೋಷ ಅರಬೈಲಿನ ತಿರುವಿನಲ್ಲಿಯೂ ಕಾಣಿಸಿಕೊಳ್ಳಬಹುದು. ಟೋಲ್ ಗೇಟಿನಲ್ಲಿ ಸಿಕ್ಕ ಎಚ್ಚರಿಕೆಯನ್ನು ಅಲ್ಲಿಯೇ ಕೇಳಿಸಿಕೊಂಡು, ಅದೇ ವಾರ ಗ್ಯಾರೇಜಿಗೆ ಹೋಗುವುದು ಜಾಣತನ.